ಕತ್ತರಿ ಯಾರ ಕೈಯಲ್ಲಿತ್ತು?

ಗದಗ,
ಗುರುವಾರ ರಾತ್ರಿ

ಪ್ರೀತಿಯ ತಮ್ಮನಿಗೆ,

ನಿನ್ನ ಕವಿತೆಗಳ ನೋಟ್‌ಬುಕ್ ಬಂದು ಐದು ವಾರವಾಯಿತು. ಮೊದಲನೇ ವಾರ ನಾನು ಅದನ್ನು ತೆರೆಯಲೇ ಇಲ್ಲ. ಮುನ್ನುಡಿ ಕೇಳಿ ಬರುವ ಕವರು ಹೊರಗಿನಿಂದಲೇ ಗೊತ್ತಾಗುತ್ತದೆ. ದಪ್ಪಗಿರುತ್ತದೆ. ನನ್ನ ಹೆಸರಿನ ಹಿಂದೆ ಮೂರು ಬಿರುದು ಇರುತ್ತವೆ. ನಿನ್ನ ಕವರಿನ ಮೇಲೆ ನಾಲ್ಕಿದ್ದವು. ಅದರಲ್ಲಿ ಒಂದು 'ಕಾವ್ಯಮಾತೆ'. ಓದಿ ಒಬ್ಬಳೇ ನಕ್ಕೆ. ಒಳಗಿನ ಪತ್ರದಲ್ಲಿ 'ಅಕ್ಕಾರೇ' ಎಂದು ಶುರು ಮಾಡಿದ್ದೀಯಲ್ಲ, ಅದೊಂದೇ ಸಾಕಿತ್ತು. ಅರವತ್ತೆಂಟು ವರ್ಷದವಳನ್ನು ಅಕ್ಕ ಅನ್ನುವವರು ಈಗ ತರಕಾರಿ ಮಾರುವವರು ಮಾತ್ರ, ಅದೂ ಸೊಪ್ಪು ಉಳಿದ ದಿನ.

ಎರಡನೇ ವಾರ ಓದಿದೆ. ಆಮೇಲೆ ಮೂರು ವಾರ ಸಿಟ್ಟು. ನಿನ್ನ ಮೇಲೆ ಸ್ವಲ್ಪ, ನನ್ನ ಮೇಲೆ ಜಾಸ್ತಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಮೊದಲು ಮುನ್ನುಡಿಯ ಮಾತು ಮುಗಿಸಿಬಿಡೋಣ. ಬರೆಯುವುದಿಲ್ಲ. ಬೇಜಾರು ಮಾಡಿಕೊಳ್ಳಬೇಡ, ನಾನು ಯಾರಿಗೂ ಬರೆಯುವುದಿಲ್ಲ. ನನ್ನ ಮೊದಲ ಸಂಕಲನಕ್ಕೆ ಒಬ್ಬ ದೊಡ್ಡವರು ಎಂಟು ಪುಟದ ಮುನ್ನುಡಿ ಬರೆದುಕೊಟ್ಟಿದ್ದರು. ಅದರಲ್ಲಿ ಒಂದು ಪುಟ ಪೂರ್ತಿ 'ತುಳಸಿಕಟ್ಟೆ' ಎಂಬ ಕವಿತೆಯ ಬಗ್ಗೆ. ನನ್ನ ಪುಸ್ತಕದಲ್ಲಿ ಆ ಹೆಸರಿನ ಕವಿತೆ ಇರಲಿಲ್ಲ. ಅವರ ಟೇಬಲ್ ಮೇಲೆ ಇನ್ಯಾರದೋ ಹಸ್ತಪ್ರತಿಯೂ ಇತ್ತು, ಎರಡೂ ಕಲಸಿಹೋಗಿದ್ದವು. ಇದರಲ್ಲಿ ನಾಚಿಕೆಯ ಭಾಗ ಅವರದಲ್ಲ. ಅಚ್ಚಿಗೆ ಹೋಗುವ ಮೊದಲೇ ನನಗೆ ಗೊತ್ತಾಗಿತ್ತು. ಆದರೂ ಹಾಗೇ ಹಾಕಿಸಿದೆ. ಅಷ್ಟು ಚೆನ್ನಾಗಿ ಹೊಗಳಿದ್ದರು, ಬಿಡಲು ಮನಸ್ಸಾಗಲಿಲ್ಲ. ಆಮೇಲೆ ಒಬ್ಬ ವಿಮರ್ಶಕರು 'ತುಳಸಿಕಟ್ಟೆಯಂಥ ಸೂಕ್ಷ್ಮ ಕವಿತೆಗಳು' ಎಂದು ಬರೆದರು. ಇವತ್ತಿಗೂ ಆ ಕವಿತೆ ಎಲ್ಲಿದೆ ಅಂತ ನನ್ನನ್ನು ಒಬ್ಬರೂ ಕೇಳಿಲ್ಲ.

ಒಳ್ಳೆಯ ಮುನ್ನುಡಿಗಳೂ ಇವೆ, ಇಲ್ಲ ಅನ್ನಲ್ಲ. 1946ರಲ್ಲಿ ಗೋಪಾಲಕೃಷ್ಣ ಅಡಿಗರ ಮೊದಲ ಸಂಕಲನ 'ಭಾವತರಂಗ' ಬಂದಾಗ ಮುನ್ನುಡಿ ಬರೆದವರು ಬೇಂದ್ರೆ. ಅದಕ್ಕಿಂತ ದೊಡ್ಡ ಆಶೀರ್ವಾದ ಕನ್ನಡದಲ್ಲಿ ಯಾರಿಗೆ ಸಿಕ್ಕೀತು? ಆದರೆ 1954ರ 'ಚಂಡೆಮದ್ದಳೆ' ಹೊತ್ತಿಗೆ ಅಡಿಗರು ಬೇಂದ್ರೆಯವರ ನವೋದಯದ ದಾರಿಯನ್ನೇ ಬಿಟ್ಟು ನವ್ಯದ ದಾರಿ ಹಿಡಿದಿದ್ದರು. ನಮಗೆ ಅಡಿಗರು ಅಂದರೆ ನೆನಪಾಗುವುದು ಆ ಎರಡನೇ ದಾರಿ.

ಇನ್ನು ನೀನು ಕೇಳಿದ ಪ್ರಶ್ನೆಗಳು. ಕವಿತೆ ಬರೆಯುವುದನ್ನು ಹೇಗೆ ಶುರು ಮಾಡಬೇಕು, ಬೆಳಿಗ್ಗೆ ಬರೆಯಬೇಕೋ ರಾತ್ರಿಯೋ, 'ನುಡಿ' ಸಾಫ್ಟ್‌ವೇರಿನಲ್ಲಿ ಟೈಪ್ ಮಾಡಬೇಕೋ ಯೂನಿಕೋಡೋ, ಯಾವ ಪತ್ರಿಕೆಗೆ ಎಷ್ಟು ಕಳಿಸಬೇಕು, ಎಷ್ಟು ದಿನ ಕಾಯಬೇಕು. ಯಾವಾಗ ಬಿಡುವೋ ಆಗ ಬರೆ. ಯೂನಿಕೋಡ್. ಕಳಿಸು, ಮರೆತುಬಿಡು. ಮೊದಲ ಪುಸ್ತಕಕ್ಕೆ ಕನ್ನಡ ಪುಸ್ತಕ ಪ್ರಾಧಿಕಾರದವರು ಯುವ ಬರಹಗಾರರಿಗೆ ಪ್ರೋತ್ಸಾಹಧನ ಕೊಡುತ್ತಾರೆ, ಅವರ ಪ್ರಕಟಣೆ ಬಂದಾಗ ನೋಡಿಕೋ. ಇದನ್ನೆಲ್ಲ ಹೇಳಲು ನಾನು ಬೇಕಾಗಿಲ್ಲ. 'ಕವಿತೆ ಯಾರು ಓದ್ತಾರೆ' ಅಂತ ನಿನ್ನ ಗೆಳೆಯ ಕೇಳಿದನಂತಲ್ಲ, ಅವನು ಓದುವುದಿಲ್ಲ. ಅಷ್ಟೇ ಅದರ ಅರ್ಥ.

ಈಗ ನಿನ್ನ ನೋಟ್‌ಬುಕ್ಕಿಗೆ ಬರುತ್ತೇನೆ. ಅರವತ್ತನಾಲ್ಕು ಕವಿತೆ. ಇಪ್ಪತ್ತು ಪ್ರೀತಿಯವು, ಆ ಹುಡುಗಿಯ ಕಣ್ಣು ಬಿಟ್ಟರೆ ಅವಳ ಬಗ್ಗೆ ಏನೂ ತಿಳಿಯುವುದಿಲ್ಲ. ಹನ್ನೊಂದು ಕನ್ನಡ ತಾಯಿಯ ಮೇಲೆ. ಐದು ಮಳೆ. ರಾಣೆಬೆನ್ನೂರಿನಲ್ಲಿ ಅಷ್ಟು ಮಳೆ ಯಾವಾಗ ಬಂತೋ ತಮ್ಮಾ? ಆ ಮಳೆ ಮಲೆನಾಡಿನದು, ನೀನು ಬೇರೆಯವರ ಪುಸ್ತಕದಿಂದ ತಂದದ್ದು. ಓದುತ್ತ ಓದುತ್ತ ಬೇಸರ ಬಂದು ಮುಚ್ಚಿಡುವವಳಿದ್ದೆ. ಅಷ್ಟರಲ್ಲಿ ನಲವತ್ತೊಂದನೇ ಪುಟ ಬಂತು. ಹೆಸರಿಲ್ಲದ ಕವಿತೆ. ನೀನು ಕೆಲಸ ಮಾಡುವ ಮೆಡಿಕಲ್ ಶಾಪಿನ ಬಿಲ್ಲಿನ ಹಿಂದೆ ಬರೆದು ಅಂಟಿಸಿದ್ದೀಯ. ಆ ತುಂಡು ಕಾಗದಕ್ಕಾಗಿಯೇ ಈ ಪತ್ರ. ನಿನಗೇ ನೆನಪಿಲ್ಲದಿದ್ದರೆ ಅಂತ ಇಲ್ಲಿ ಬರೆಯುತ್ತೇನೆ:

ಅರ್ಧ ಶೀಟು ಸಾಕು ಅಂದಳು.
ಕತ್ತರಿ ತಗೊಂಡೆ.
ಐದು ಮಾತ್ರೆ ಅವಳಿಗೆ, ಐದು ಡಬ್ಬಿಗೆ.
ತಾರೀಖು ಬರೆದ ತುಂಡು
ಅಂಗಡಿಯಲ್ಲೇ ಉಳಿಯಿತು.

ಓ ಸಮಾಜವೇ, ಇನ್ನೆಷ್ಟು ದಿನ ಈ ಮೌನ?
ಬಡವರ ಕಣ್ಣೀರಿಗೆ ಬೆಲೆ ಎಲ್ಲಿ?

ಮೊದಲ ಐದು ಸಾಲು ಓದಿ ಎದ್ದು ಹೋಗಿ ನನ್ನ ಬಿಪಿ ಮಾತ್ರೆಯ ಶೀಟು ತೆಗೆದು ನೋಡಿದೆ. ನಿಜ. ತಾರೀಖು ಒಂದು ತುದಿಯಲ್ಲಿ ಮಾತ್ರ ಇದೆ. ಕತ್ತರಿಸಿದರೆ ಒಬ್ಬರಿಗೆ ಮಾತ್ರೆ, ಇನ್ನೊಬ್ಬರಿಗೆ ಮಾತ್ರೆಯೂ ತಾರೀಖೂ. ಇಷ್ಟು ವರ್ಷದಿಂದ ದಿನಾ ನುಂಗುತ್ತಿದ್ದೇನೆ, ನನಗೆ ಇದು ಕಂಡಿರಲಿಲ್ಲ. ನಿನಗೆ ಕಂಡಿತು. ಬಡತನ ಅಂತ ಒಂದು ಮಾತಿಲ್ಲ. ಕಣ್ಣೀರಿಲ್ಲ. ಆ ಹೆಂಗಸಿನ ಮುಖ ಹೇಗಿತ್ತು ಅಂತಲೂ ಇಲ್ಲ. ಆದರೂ ಅವಳು ನನ್ನ ಮನೆಯ ಹೊಸ್ತಿಲಲ್ಲಿ ನಿಂತಿದ್ದಾಳೆ.

ಆಮೇಲೆ ಸಮಾಜ ಬಂತು. ನನಗೆ ಸಿಟ್ಟೂ ಬಂತು.

ಆ ಎರಡು ಸಾಲು ಕೆಟ್ಟವು ಅಂತ ಅಷ್ಟೇ ಅಲ್ಲ. ಕೆಟ್ಟ ಸಾಲು ಎಲ್ಲರೂ ಬರೆಯುತ್ತಾರೆ. ಅವು ಏನು ಮಾಡುತ್ತಿವೆ ನೋಡು. ಮೊದಲ ಐದು ಸಾಲಿನಲ್ಲಿ ಕತ್ತರಿ ನಿನ್ನ ಕೈಯಲ್ಲಿತ್ತು. ತಾರೀಖಿನ ತುಂಡನ್ನು ಡಬ್ಬಿಗೆ ಹಾಕಿದವನು ನೀನು. ಅವಳಿಗೆ ಅದನ್ನು ಕೊಡಬಹುದಿತ್ತು, ಕೊಡಲಿಲ್ಲ. ಬೇಕೆಂದು ಮಾಡಿದೆಯೋ, ಅಭ್ಯಾಸಬಲವೋ, ಅದನ್ನು ಕವಿತೆ ಹೇಳುವುದಿಲ್ಲ. ಹೇಳದೇ ಇರುವುದೇ ಅದರ ಬಲ. ಕೊನೆಯ ಎರಡು ಸಾಲಿನಲ್ಲಿ ನೀನು ಮೆಲ್ಲಗೆ ಆ ಕತ್ತರಿಯನ್ನು ಸಮಾಜದ ಕೈಗೆ ದಾಟಿಸಿ ಪಾರಾದೆ. ಓದುವವನಿಗೂ ಹಗುರ. ಅವನೂ ಸಮಾಜವನ್ನು ಬೈದು ಎದ್ದು ಹೋಗುತ್ತಾನೆ. ಕವಿಗೋಷ್ಠಿಯಲ್ಲಿ ಓದಿದರೆ ಆ ಎರಡು ಸಾಲಿಗೇ ಚಪ್ಪಾಳೆ ಬೀಳುತ್ತದೆ, ಬರೆದಿಟ್ಟುಕೋ.

ಇದನ್ನು ನಾನು ಅಷ್ಟು ಗ್ಯಾರಂಟಿಯಾಗಿ ಹೇಳುವುದು ಪುಸ್ತಕ ಓದಿ ಅಲ್ಲ. ನಾನು ಬ್ಯಾಂಕಿನಲ್ಲಿ ಮೂವತ್ತಾರು ವರ್ಷ ಇದ್ದೆ, ಅದರಲ್ಲಿ ಬಹಳಷ್ಟು ಕ್ಯಾಶ್ ಕೌಂಟರಿನಲ್ಲಿ. ಖೋಟಾ ನೋಟು ಮೊದಲು ಬೆರಳಿಗೆ ಗೊತ್ತಾಗುತ್ತದೆ, ಆಮೇಲೆ ಕಣ್ಣಿಗೆ. ನೂರು ನೋಟಿನ ಕಟ್ಟು ಎಣಿಸುತ್ತಿರುವಾಗ ಎಲ್ಲೋ ಒಂದು ಕಡೆ ಬೆರಳು ತಾನಾಗಿ ನಿಲ್ಲುತ್ತದೆ. ಕಟ್ಟಿನಲ್ಲಿ ಅದು ಸಾಮಾನ್ಯವಾಗಿ ನಡುವೆ ಇರುತ್ತದೆ, ಮೇಲೆ ಇಡುವಷ್ಟು ಧೈರ್ಯ ಯಾರಿಗೂ ಇರುವುದಿಲ್ಲ. ಹೊಸಬರ ಕವಿತೆಯಲ್ಲಿ ಅದು ಕೊನೆಗಿರುತ್ತದೆ.

ನನ್ನ ಖೋಟಾ ನೋಟಿನ ಕತೆ ಹೇಳುತ್ತೇನೆ ಕೇಳು. ಇದನ್ನು ಎಲ್ಲೂ ಬರೆದಿಲ್ಲ.

1984. ನನಗೆ ಇಪ್ಪತ್ತೇಳು. ಬ್ಯಾಂಕ್ ಸೇರಿ ಮೂರು ವರ್ಷ, ಮಗುವಿಗೆ ಒಂದೂವರೆ ವರ್ಷ. ಒಂದು ಕವಿಗೋಷ್ಠಿಗೆ ಕರೆದರು. ಹೆಂಗಸರೆಂದರೆ ವೇದಿಕೆಯಲ್ಲಿ ನಾನೊಬ್ಬಳೇ. ನಾನು ಓದಿದ್ದು ಅಡುಗೆಮನೆಯ ಮೇಲೆ ಬರೆದ ಕವಿತೆ. ಮಸಿ ಹಿಡಿದ ಗೋಡೆ, ಸೀಮೆಎಣ್ಣೆ ಸ್ಟೋವಿನ ವಾಸನೆ, ಕಿಟಕಿಯಲ್ಲಿ ಕೂರುವ ಬೆಕ್ಕು. ಪರವಾಗಿಲ್ಲ ಅನ್ನುವಂತಿತ್ತು. ಕೊನೆಗೆ ಒಂದು ಸಾಲು: 'ಅಡುಗೆಮನೆಯೇ ನನ್ನ ಜೈಲು, ಸೌಟೇ ನನ್ನ ಸಂಕೋಲೆ.' ತಮ್ಮಾ, ಸಭೆ ಎದ್ದು ನಿಂತಿತು. 'ಇನ್ನೊಮ್ಮೆ, ಇನ್ನೊಮ್ಮೆ' ಅಂದರು. ಮೂರು ಸಲ ಓದಿದೆ. ಮೂರನೇ ಸಲ ಕೈ ಎತ್ತಿ ಓದಿದೆ.

ನನ್ನ ಅವ್ವ ಮೊದಲನೇ ಸಾಲಿನಲ್ಲಿ ನನ್ನ ಮಗುವನ್ನು ತೊಡೆ ಮೇಲೆ ಹಾಕಿಕೊಂಡು ಕೂತಿದ್ದಳು. ಅವಳೂ ಚಪ್ಪಾಳೆ ತಟ್ಟಿದಳು, ಮಗುವಿನ ಕೈಯಿಂದಲೂ ತಟ್ಟಿಸಿದಳು. ಮನೆಗೆ ಬರುತ್ತ ಟಾಂಗಾದಲ್ಲಿ ಒಂದೇ ಮಾತು ಕೇಳಿದಳು: 'ನಾಳೆ ಡಬ್ಬಿಗೆ ಏನು ಮಾಡ್ಲಿ?'

ನನಗೆ ಆಗಲೂ ಹೊಳೆಯಲಿಲ್ಲ. ಹೊಳೆಯಿಸಿದವನು ನಮ್ಮ ಬ್ಯಾಂಕಿನ ಸಿಪಾಯಿ. ಶಾಲೆಗೆ ಹೆಚ್ಚು ಹೋದವನಲ್ಲ. ಆದರೆ ಭಜನೆ ಮೇಳದಲ್ಲಿ ಹಾಡುತ್ತಿದ್ದ, ಶರೀಫರ ಪದಗಳು ಒಂದಾದ ಮೇಲೊಂದು ಬಾಯಿಗೆ ಬರುತ್ತಿದ್ದವು. ಕವಿತೆ ಪತ್ರಿಕೆಯಲ್ಲಿ ಬಂದ ದಿನ ನಾನು ಬ್ರಾಂಚಿನಲ್ಲಿ ಎಲ್ಲರಿಗೂ ಪೇಡೆ ಹಂಚಿದೆ. ಅವನು ಪೇಡೆ ತಿಂದು, ಕವಿತೆ ಓದಿಸಿಕೊಂಡು ಕೇಳಿ, ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ ಅಂದ: 'ಚಲೋ ಐತ್ರಿ ಅಕ್ಕಾರ. ಆದ್ರ ಅಡಗಿಮನಿಯಾಗ ಇರೋರು ನಿಮ್ಮ ಅವ್ವಾರಲ್ರೀ?'

ಎರಡು ತಿಂಗಳು ಅವನ ಜೊತೆ ಮಾತು ಬಿಟ್ಟೆ. ಅಷ್ಟು ಸಿಟ್ಟು. ಯಾಕೆಂದರೆ ಅವನು ಹೇಳಿದ್ದು ನಿಜ. ನಾನು ಬೆಳಿಗ್ಗೆ ಒಂಬತ್ತೂವರೆಗೆ ಸೀರೆ ಉಟ್ಟು ಡಬ್ಬಿ ಹಿಡಿದು ಹೊರಡುತ್ತಿದ್ದೆ. ಸಂಜೆ ಕ್ಯಾಶ್ ಟ್ಯಾಲಿ ಆಗದಿದ್ದರೆ, ಐದು ರೂಪಾಯಿ ಶಾರ್ಟ್ ಬಂದರೂ, ಎಂಟು ಗಂಟೆಯವರೆಗೆ ಕೂತು ಹುಡುಕುತ್ತಿದ್ದೆ. ಅಷ್ಟು ಹೊತ್ತೂ ಅಡುಗೆಮನೆಯಲ್ಲಿ ಇರುತ್ತಿದ್ದವಳು ಅವ್ವ. ಅರವತ್ತು ದಾಟಿದವಳು. ಜೈಲು ಅಂದರೆ ಅದು ಅವಳ ಜೈಲು. ಬೀಗದ ಕೈಯಲ್ಲಿ ನನ್ನ ಪಾಲೂ ಇತ್ತು. ನಾನು ಅವಳ ಜೈಲನ್ನೂ ಕದ್ದು ನನ್ನ ಹೆಸರಿಗೆ ಮಾಡಿಕೊಂಡು ಚಪ್ಪಾಳೆ ತಗೊಂಡೆ. ಅವಳೆದುರಿಗೇ.

ಅಲ್ಲಿಗೆ ನಿಲ್ಲಿಸಿದೆನಾ? ಇಲ್ಲ. ಚಪ್ಪಾಳೆಯ ರುಚಿ ಹತ್ತಿತ್ತು. ಮುಂದಿನ ಹನ್ನೊಂದು ವರ್ಷ ಅದೇ ಸಾಲನ್ನು ಬೇರೆ ಬೇರೆ ಸೀರೆ ಉಡಿಸಿ ಬರೆದೆ. ಬಳೆ ನನ್ನ ಸಂಕೋಲೆ, ಹೊಸ್ತಿಲು ನನ್ನ ಸಂಕೋಲೆ, ತಾಳಿ ನನ್ನ ಸಂಕೋಲೆ. ಪ್ರತಿ ಸಲ ಸಭೆ ಎದ್ದು ನಿಲ್ಲುತ್ತಿತ್ತು. ಅವ್ವ ತೀರಿಕೊಂಡ ಮೇಲೆ ಒಂದು ದಿನ ಅವಳ ಬಗ್ಗೆ ಬರೆಯೋಣ ಅಂತ ಕೂತೆ. ಬರಲಿಲ್ಲ. ಅವಳಿಗೆ ಕೊಡಬೇಕಾದ ಮಾತನ್ನೆಲ್ಲ ನನಗಾಗಿ ಖರ್ಚು ಮಾಡಿಬಿಟ್ಟಿದ್ದೆ. ಇವತ್ತಿನವರೆಗೂ ಬಂದಿಲ್ಲ.

ನನ್ನ ಸಮಗ್ರ ಕವಿತೆಗಳು ಬಂದಾಗ ಆ ಸಾಲು ತೆಗೆದುಹಾಕಿದೆ. ಆದರೆ ಅಷ್ಟರಲ್ಲಿ ಒಂದು ಪಠ್ಯಪುಸ್ತಕದವರು ಹಳೆಯ ಪ್ರತಿಯಿಂದ ಎತ್ತಿಕೊಂಡಿದ್ದರು. ಪರೀಕ್ಷೆ ಹತ್ತಿರ ಬಂದಾಗ ಮಕ್ಕಳು ಫೋನ್ ಮಾಡುತ್ತಾರೆ. 'ಮೇಡಂ, ಸೌಟೇ ನನ್ನ ಸಂಕೋಲೆ, ಸಂದರ್ಭದೊಂದಿಗೆ ವಿವರಿಸಿ ಅಂತ ಬಂದಿದೆ. ಏನು ಬರೆಯೋದು?' ಏನು ಹೇಳಲಿ ಹೇಳು? ಸಂದರ್ಭ ಹೇಳಿದರೆ ಅವರಿಗೆ ಅಂಕ ಸಿಗುವುದಿಲ್ಲ.

ಇದೇ ನನ್ನ ಒಂದೇ ಹಾಡು. ಬೇರೆ ಹಿರಿಯರು ಬೇರೆ ಹೇಳಬಹುದು. ಓದು ಅನ್ನುತ್ತಾರೆ, ಸುತ್ತು ಅನ್ನುತ್ತಾರೆ. ನಾನು ಹೇಳುವುದು ಇಷ್ಟು: ಯಾವ ಸಾಲಿಗೆ ಜನ 'ವಾಹ್' ಅಂದರೋ ಆ ಸಾಲಿನ ಮೇಲೆ ಮೊದಲು ಸಂಶಯಪಡು. ನಿಜವಾದ ಸಾಲಾಗಿದ್ದರೆ ಸಂಶಯ ತಡೆದುಕೊಳ್ಳುತ್ತದೆ. ಇಲ್ಲದಿದ್ದರೆ ಹೊಡೆದುಹಾಕು, ಕೈ ನಡುಗಿದರೂ ಹೊಡೆದುಹಾಕು.

ನೀನು ಮೊದಲ ಪುಟದಲ್ಲೇ ಬಸವಣ್ಣನವರನ್ನು ತಂದು ಕೂರಿಸಿದ್ದೀಯ. 'ಆನು ಒಲಿದಂತೆ ಹಾಡುವೆ.' ಕೆಳಗೆ ನಿನ್ನ ಟಿಪ್ಪಣಿ: 'ನಾನು ನಿಯಮಗಳಿಗೆ ಕಟ್ಟುಬಿದ್ದವನಲ್ಲ, ಬಂದದ್ದನ್ನು ತಿದ್ದುವುದಿಲ್ಲ.' ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಹೊಸದಾಗಿ ಬರೆಯುವವರಲ್ಲಿ ಹತ್ತರಲ್ಲಿ ಆರು ಜನ ಈ ಸಾಲನ್ನು ಮೊದಲ ಪುಟಕ್ಕೆ ಅಂಟಿಸುತ್ತಾರೆ. ಇಡೀ ವಚನ ಓದಿದ್ದೀಯಾ? 'ತಾಳಮಾನ ಸರಿಸಮವನರಿಯೆ, ಓಜೆ ಬಜಾವಣೆ ಲೆಕ್ಕವನರಿಯೆ, ಅಮೃತಗಣ ದೇವಗಣವನರಿಯೆ.' ಅರಿಯೆ, ಅರಿಯೆ, ಅರಿಯೆ. ಜೋರಾಗಿ ಓದಿ ನೋಡು, ಆ ಮೂರು 'ಅರಿಯೆ' ಹೇಗೆ ಒಂದೇ ಅಳತೆಗೆ ಬಂದು ಬೀಳುತ್ತವೆ ಅಂತ. ಏನೂ ಗೊತ್ತಿಲ್ಲ ಅನ್ನುವವನು ಸಂಗೀತದ, ಛಂದಸ್ಸಿನ ಅಷ್ಟು ಹೆಸರು ಪಟ್ಟಿ ಮಾಡುತ್ತಾನಾ? ಗೊತ್ತಿದ್ದು ಕೆಳಗಿಟ್ಟವರು ಅವರು. ನಾವು ಎತ್ತಲೇ ಇಲ್ಲ, ಕೆಳಗಿಡುವುದು ಎಲ್ಲಿಂದ ಬಂತು?

ಬಸವಣ್ಣನವರ ಇನ್ನೊಂದು ವಚನ ಇದೆ, ಅದನ್ನು ಯಾರೂ ಮೊದಲ ಪುಟಕ್ಕೆ ಹಾಕುವುದಿಲ್ಲ. ನನ್ನವರು ಪ್ರೀತಿಯಿಂದ ಹೊಗಳಿ ಹೊಗಳಿ ನನ್ನನ್ನು ಹೊನ್ನಶೂಲಕ್ಕೇರಿಸಿದರು ಅನ್ನುತ್ತಾರೆ. ಹೊನ್ನಶೂಲ! ಚಿನ್ನದ್ದೇ ಆದರೂ ಶೂಲ ಶೂಲವೇ. ಏರಿಸಿದವರು ಶತ್ರುಗಳಲ್ಲ ನೋಡು, 'ಎನ್ನವರು.' ನನಗೆ ಆ ಮಾತು ಇಪ್ಪತ್ತೇಳನೇ ವಯಸ್ಸಿನಲ್ಲಿ ಗೊತ್ತಿತ್ತು, ಬಾಯಿಪಾಠ ಬರುತ್ತಿತ್ತು. ಪ್ರಯೋಜನವಾಗಲಿಲ್ಲ.

ತಿದ್ದುವುದಿಲ್ಲ ಎಂಬ ಹಟಕ್ಕೆ ನೀನು ನಮ್ಮೂರ ಕವಿಯನ್ನೂ ಸಾಕ್ಷಿಗೆ ಕರೆದಿದ್ದೀಯ. ಕುಮಾರವ್ಯಾಸ 'ಪದವಿಟ್ಟಳುಪದೊಂದಗ್ಗಳಿಕೆ' ಅಂದಿದ್ದಾನೆ ನಿಜ. ಇಟ್ಟ ಪದವನ್ನು ಅಳಿಸಲಿಲ್ಲವಂತೆ. ನಮ್ಮ ವೀರನಾರಾಯಣ ದೇವಸ್ಥಾನದಲ್ಲಿ ಅವನು ಒರಗಿ ಕೂತು ಬರೆದ ಅನ್ನುವ ಕಂಬವನ್ನು ಈಗಲೂ ತೋರಿಸುತ್ತಾರೆ. ಸ್ನಾನ ಮಾಡಿ ಒದ್ದೆ ಬಟ್ಟೆಯಲ್ಲೇ ಬಂದು ಕೂರುತ್ತಿದ್ದನಂತೆ, ಬಟ್ಟೆ ಆರುವ ತನಕ ಕವಿತೆ ಹರಿಯುತ್ತಿತ್ತಂತೆ. ಆರಿದ ಮೇಲೆ ನಿಂತುಹೋಗುತ್ತಿತ್ತಂತೆ. ಗದಗಿನ ಬಿಸಿಲು ನಿನಗೆ ಗೊತ್ತಲ್ಲ. ಬಟ್ಟೆ ಎಷ್ಟು ಹೊತ್ತು ಒದ್ದೆ ಇದ್ದೀತು? ಉಳಿದ ಇಡೀ ದಿನ ಅವನು ಏನು ಮಾಡುತ್ತಿದ್ದ ಅಂತ ಕತೆ ಹೇಳುವುದಿಲ್ಲ. ಅಳಿಸುತ್ತಿದ್ದ ಅಂತ ನನ್ನ ಊಹೆ. ಓಲೆಯ ಮೇಲಲ್ಲ, ಒಳಗೇ. ಓಲೆಗರಿಯ ಮೇಲೆ ಕಬ್ಬಿಣದ ಲೇಖನಿಯಿಂದ ಕೊರೆದದ್ದನ್ನು ಅಳಿಸುವುದು ಸುಲಭವಲ್ಲ. ಅಲ್ಲಿ ಬರೆಯುವವನು ಮೊದಲೇ ಯೋಚನೆ ಮಾಡಿರಬೇಕು.

ಅವನನ್ನೇ ತಗೋ. 'ತಿಣುಕಿದನು ಫಣಿರಾಯ ರಾಮಾ, ಯಣದ ಕವಿಗಳ ಭಾರದಲಿ.' ಉಚ್ಚಾರದ ಅಳತೆ ಎಣಿಸು: ಮೂರು, ನಾಲ್ಕು, ಮೂರು, ನಾಲ್ಕು. ತಿಣುಕಿ, ದನುಫಣಿ, ರಾಯ, ರಾಮಾ. ಭಾಮಿನಿ ಷಟ್ಪದಿಯ ಹೆಜ್ಜೆ ಅದು. ಸಾಲು ಮುಗಿಯುವ ಜಾಗ ನೋಡು, ರಾಮಾಯಣವನ್ನೇ ನಡುವೆ ಕತ್ತರಿಸಿದ್ದಾನೆ, ನೀನು ಶೀಟು ಕತ್ತರಿಸುವ ಹಾಗೆ. ಭಾರಕ್ಕೆ ಆದಿಶೇಷ ತಿಣುಕುತ್ತಿದ್ದಾನೆ, ಸಾಲೂ ತಿಣುಕಿ ಮುಂದಿನ ಸಾಲಿಗೆ ಹೋಗಿ ಬೀಳುತ್ತದೆ. ಇದು ಸುಮ್ನೆ ಬಂದದ್ದು ಅಂತೀಯಾ?

ಮಾತ್ರೆ ಎಣಿಸುವುದಂದರೆ ನನಗೆ ಆಗಿಬರದು ಅಂತ ಪತ್ರದಲ್ಲಿ ಬರೆದಿದ್ದೀಯ. ದಿನವಿಡೀ ನಿನ್ನ ಕೆಲಸ ಅದೇ ಅಲ್ವಾ! ನಮ್ಮ ಭಾಷೆಯಲ್ಲಿ ಮೆಡಿಕಲ್ ಶಾಪಿನದಕ್ಕೂ ಮಾತ್ರೆ, ಛಂದಸ್ಸಿನದಕ್ಕೂ ಮಾತ್ರೆ. ಒಂದು ಹೆಚ್ಚಾದರೂ ಕಷ್ಟ, ಕಡಿಮೆಯಾದರೂ ಕಷ್ಟ. ನೀನು ಷಟ್ಪದಿ ಬರೆ ಅಂತ ನಾನು ಹೇಳುತ್ತಿಲ್ಲ, ಈಗ ಅದನ್ನು ಬರೆದರೆ ಹಳೆ ಕಾಲದ ಪೇಟ ಸುತ್ತಿದ ಹಾಗೆ ಕಾಣುತ್ತದೆ. ಮಂಜೇಶ್ವರದ ಗೋವಿಂದ ಪೈ 1911ರಲ್ಲೇ ಎರಡನೇ ಅಕ್ಷರದ ಪ್ರಾಸ ಬಿಟ್ಟು ಬರೆದರು. ಬಿಡುವ ಮೊದಲು ಅವರ ಕಿವಿಯಲ್ಲಿ ಅದು ಇತ್ತು. ನಿನ್ನ ಕಿವಿಯಲ್ಲಿ ಏನಿದೆ ಅಂತ ನನ್ನ ಪ್ರಶ್ನೆ. ಆ ಅರವತ್ತನಾಲ್ಕರಲ್ಲಿ ನಿನಗೆ ನೋಟ್‌ಬುಕ್ ನೋಡದೆ ಎಷ್ಟು ಹೇಳಲು ಬರುತ್ತದೆ? ಬರೆದ ನಿನ್ನ ಬಾಯಲ್ಲೇ ನಿಲ್ಲದ ಸಾಲು ನನ್ನ ಬಾಯಲ್ಲಿ ಯಾಕೆ ನಿಲ್ಲಬೇಕು?

ಸ್ವಲ್ಪ ಜೋರಾಯಿತು. ನೀರು ಕುಡಿದು ಬರುತ್ತೇನೆ.

ಬಂದೆ. ಹಿತ್ತಲಲ್ಲಿ ಪಕ್ಕದ ಮನೆಯವರ ಮಿಕ್ಸರ್ ಸದ್ದು. ರಾತ್ರಿ ಹನ್ನೊಂದಕ್ಕೆ ನಾಳೆಯ ದೋಸೆಗೆ ರುಬ್ಬುತ್ತಿದ್ದಾರೆ. ಒಂದು ಕಾಲದಲ್ಲಿ ಈ ಕೆಲಸದ ಜೊತೆ ಹಾಡು ಇರುತ್ತಿತ್ತು. 1931ರಲ್ಲಿ ನಿಮ್ಮ ನಮ್ಮ ಉತ್ತರ ಕರ್ನಾಟಕದ ಹಲಸಂಗಿ ಗೆಳೆಯರು 'ಗರತಿಯ ಹಾಡು' ಅಂತ ಪುಸ್ತಕ ಮಾಡಿದರು, ಹೆಣ್ಣುಮಕ್ಕಳ ತ್ರಿಪದಿಗಳು. ಬೀಸುವ ಕಲ್ಲಿನ ಮುಂದೆ ಕೂತು ಹಾಡಿದ ಅಂಥ ಹಾಡುಗಳಲ್ಲಿ ಒಂದು ನಿನಗೂ ಗೊತ್ತು:

ಬೆಳಗಾಗಿ ನಾನೆದ್ದು ಯಾರ್ಯಾರ ನೆನೆಯಾಲಿ
ಎಳ್ಳು ಜೀರಿಗೆ ಬೆಳೆಯೋಳ ಭೂಮಿತಾಯ
ಎದ್ದೊಂದು ಗಳಿಗೆ ನೆನೆದೇನ

ಎಲ್ಲರಿಗೂ ಬರುವ ಹಾಡು, ಅದಕ್ಕೇ ಯಾರೂ ಕಿವಿಗೊಡುವುದಿಲ್ಲ. ಭೂಮಿತಾಯಿಯ ಮೇಲೆ ನೀನೂ ಬರೆದಿದ್ದೀಯ, ಇಪ್ಪತ್ತೆರಡನೇ ಪುಟ. ನಿನ್ನ ಭೂಮಿತಾಯಿ 'ಚಿನ್ನದ ಬೆಳೆ' ಬೆಳೆಯುತ್ತಾಳೆ. ಇವಳು ಎಳ್ಳು ಜೀರಿಗೆ ಬೆಳೆಯುತ್ತಾಳೆ. ಚಿನ್ನದ ಬೆಳೆಯನ್ನು ನೀನು ಕಂಡಿಲ್ಲ. ಎಳ್ಳು ಎಷ್ಟು ಸಣ್ಣದು, ಬೆರಳಿನ ಸಂದಿಯಿಂದ ಹೇಗೆ ಜಾರುತ್ತದೆ ಅಂತ ಹಾಡಿದವಳಿಗೆ ಗೊತ್ತು. ಮೂರನೇ ಸಾಲು ಇನ್ನೂ ಚೆಂದ. ಜೀವ ಇರುವ ತನಕ ನೆನೆಯುತ್ತೇನೆ ಅನ್ನಲಿಲ್ಲ ಅವಳು. ಒಂದು ಗಳಿಗೆ. ಅಂದರೆ 24 ನಿಮಿಷ. ಆಮೇಲೆ ಕಸ ಇದೆ, ದನ ಇದೆ, ಮಗು ಏಳುತ್ತದೆ. ಎಷ್ಟು ಸಾಧ್ಯವೋ ಅಷ್ಟೇ ಮಾತು ಕೊಟ್ಟಳು. ಭಕ್ತಿಯಲ್ಲೂ ಕ್ಯಾಶ್ ಟ್ಯಾಲಿ.

ಅವಳ ಹೆಸರು ನಮಗೆ ಗೊತ್ತಿಲ್ಲ. ಅವಳಿಗೆ ಚಪ್ಪಾಳೆ ಹೊಡೆಯುವವರು ಇರಲಿಲ್ಲ, ಕೇಳುತ್ತಿದ್ದುದು ಕಲ್ಲು ಮಾತ್ರ. ಅವಳ ಸೊಸೆ ಹಾಡಿದಳು, ಸೊಸೆಯ ತವರಿನವರು ಹಾಡಿದರು. ಒಂದೊಂದು ಬಾಯಿ ದಾಟುವಾಗಲೂ ಬೇಡದ ಪದ ಉದುರಿತು. ನೂರಾರು ಹೆಂಗಸರು ಸೇರಿ ತಿದ್ದಿದ ಹಾಡು ಅದು. ನೀನು ಒಬ್ಬನೇ, ತಿದ್ದುವುದೂ ಇಲ್ಲ ಅಂತೀಯ.

2023ರ ಜನವರಿಯಲ್ಲಿ ಹಾವೇರಿಯಲ್ಲಿ 86ನೇ ಸಾಹಿತ್ಯ ಸಮ್ಮೇಳನ ಆದಾಗ ಕವಿಗೋಷ್ಠಿ ಕೇಳಿ ನಿನಗೆ ಕವಿಯಾಗಬೇಕು ಅನಿಸಿತು ಅಂತ ಬರೆದಿದ್ದೀಯ. ಅದು ತಪ್ಪಲ್ಲ, ನನಗೂ ಹಾಗೇ ಶುರುವಾದದ್ದು. ಆದರೆ ವೇದಿಕೆ ನೋಡಿ ಶುರು ಮಾಡಿದವರಿಗೆ ವೇದಿಕೆಯೇ ಕಿವಿಯಲ್ಲಿ ಕೂತುಬಿಡುತ್ತದೆ. ಬರೆಯುವಾಗಲೇ ಮೈಕಿನ ಸದ್ದು ಕೇಳುತ್ತದೆ. ನಿನ್ನ ಸ್ಟೇಟಸ್ಸಿನಲ್ಲಿ ಹಾಕಿದ ಕವಿತೆಗೆ ಎಷ್ಟು ಹಾರ್ಟ್ ಬಂದವು ಅಂತ ಪೆನ್ಸಿಲಿನಲ್ಲಿ ಪುಟದ ಮೂಲೆಯಲ್ಲಿ ಬರೆದಿಟ್ಟಿದ್ದೀಯಲ್ಲ, ನಾನು ನೋಡಿದೆ. ಐವತ್ತೆಂಟು, ಎಪ್ಪತ್ತು, ನೂರಾಹನ್ನೆರಡು. ಅರ್ಧ ಶೀಟಿನ ಕವಿತೆಗೆ ಸೊನ್ನೆಯೂ ಇಲ್ಲ. ಅದನ್ನು ನೀನು ಯಾರಿಗೂ ತೋರಿಸಿಲ್ಲ. ನನಗೆ ಆ ಖಾಲಿ ಮೂಲೆ ನೋಡಿ ಏನೋ ಆಯಿತು.

ಜನಪ್ರಿಯರಾದವರು ಎಲ್ಲ ಕೆಟ್ಟರು ಅಂತಲ್ಲ. ಕೆ.ಎಸ್. ನರಸಿಂಹಸ್ವಾಮಿಯವರ 'ಮೈಸೂರು ಮಲ್ಲಿಗೆ' 1942ರಲ್ಲಿ ಬಂತು. ಕನ್ನಡಿಗರ ಮನೆಮನೆಗೂ ಹೋಯಿತು, ಮದುವೆಗೆ ಉಡುಗೊರೆ ಕೊಡುತ್ತಿದ್ದರು. ಅವರು ಸಾಯುವ ತನಕ ಅದನ್ನೇ ಬರೆಯುತ್ತ ಇರಬಹುದಿತ್ತು, ಯಾರೂ ಬೇಡ ಅನ್ನುತ್ತಿರಲಿಲ್ಲ. ಜನ ಅದನ್ನೇ ಕೇಳುತ್ತಿದ್ದರು. ಆದರೆ 1958ರ 'ಶಿಲಾಲತೆ' ತೆಗೆದು ನೋಡು, ಅದು ಬೇರೆಯದೇ ದನಿ. ಮಲ್ಲಿಗೆಯ ಪರಿಮಳ ಹುಡುಕಿಕೊಂಡು ಬಂದವರಿಗೆ ನಿರಾಸೆ ಆಗಿರಬೇಕು. ಆ ನಿರಾಸೆ ಮಾಡಲು ಎಂಥ ಗಟ್ಟಿತನ ಬೇಕು ಅಂತ ನನಗೆ ಗೊತ್ತು. ನನ್ನಲ್ಲಿ ಅದು ಇರಲಿಲ್ಲ.

ಆ ಸಿಪಾಯಿಯ ಜೊತೆ ಆಮೇಲೆ ರಾಜಿಯಾದೆ. ಆದರೆ ಅವನಿಗೆ ಮತ್ತೆ ಕವಿತೆ ಓದಿ ಹೇಳಲಿಲ್ಲ. ಅವನೂ ಕೇಳಲಿಲ್ಲ. ರಿಟೈರಾಗಿ ಊರಿಗೆ ಹೋದ, ಅಲ್ಲೇ ತೀರಿಕೊಂಡ ಅಂತ ತಿಳಿದದ್ದು ಎರಡು ವರ್ಷ ತಡವಾಗಿ. ನನ್ನ ಕವಿತೆಗಳನ್ನು ಕೇಳಿದ ನೂರಾರು ಜನರಲ್ಲಿ ಅವನೊಬ್ಬನೇ ಕೇಳಿದ್ದು. ಹೊಗಳಿದ ದೊಡ್ಡವರ ಪತ್ರಗಳೆಲ್ಲ ಫೈಲಿನಲ್ಲಿವೆ, ಅವನ ಮಾತು ಎಲ್ಲೂ ಬರೆದಿಟ್ಟಿಲ್ಲ. ಇದೇ ಮೊದಲು.

ನಿನಗೆ ಅಂಥವನೊಬ್ಬ ಇದ್ದಾನಾ? ಗೆಳೆಯರಲ್ಲಿ ಹುಡುಕಬೇಡ, ಅವರು ಪ್ರೀತಿಯಿಂದ ಶೂಲಕ್ಕೇರಿಸುತ್ತಾರೆ. ನಿನ್ನ ಅಂಗಡಿಯ ಮಾಲೀಕ ಹೇಗೆ? ಎದುರಿನ ಟೀ ಅಂಗಡಿಯವನು? ಮನೆಯಲ್ಲಿ ಯಾರಾದರೂ? ನಾನು ಆಗುತ್ತಿದ್ದೆ, ಆದರೆ ನನಗೆ ವಯಸ್ಸಾಯಿತು, ಹೊಗಳಿದರೆ ಜನ ಬೇಗ ಹೋಗುತ್ತಾರೆ ಅಂತ ನಾನೂ ಈಚೆಗೆ ಹೊಗಳಲು ಕಲಿತಿದ್ದೇನೆ.

ನೋಟ್‌ಬುಕ್ ಸ್ಪೀಡ್ ಪೋಸ್ಟಿನಲ್ಲಿ ವಾಪಸ್ ಕಳಿಸುತ್ತಿದ್ದೇನೆ. ಅರವತ್ತಮೂರು ಕವಿತೆಗಳ ಮೇಲೆ ಒಂದು ಗೆರೆಯನ್ನೂ ಎಳೆದಿಲ್ಲ. ಅವು ನಿನ್ನವು, ಇಟ್ಟುಕೋ, ಮುಂದೊಂದು ದಿನ ನೀನೇ ನೋಡಿ ನಗುತ್ತೀಯ. ನಲವತ್ತೊಂದನೇ ಪುಟದಲ್ಲಿ ಮಾತ್ರ ಕೊನೆಯ ಎರಡು ಸಾಲಿನ ಮೇಲೆ ಪೆನ್ಸಿಲಿನಲ್ಲಿ ಗೆರೆ ಹಾಕಿದ್ದೇನೆ. ಪೆನ್ನಿನಲ್ಲಿ ಹಾಕುವುದು ನಿನ್ನ ಕೆಲಸ. ಹಾಕದಿದ್ದರೂ ನಾನು ಬೈಯುವುದಿಲ್ಲ, ನನಗೂ ಹನ್ನೊಂದು ವರ್ಷ ಬೇಕಾಯಿತು.

ದಸರಾ ಮುಗಿದ ಮೇಲೆ ಒಂದು ಭಾನುವಾರ ಗದಗಿಗೆ ಬಾ. ರಾಣೆಬೆನ್ನೂರಿನಿಂದ ಬೆಳಿಗ್ಗೆ ಹೊರಟರೆ ಊಟದ ಹೊತ್ತಿಗೆ ಬರಬಹುದು. ನೋಟ್‌ಬುಕ್ ತರಬೇಡ. ಬಾಯಲ್ಲಿ ಎಷ್ಟು ನಿಂತಿದೆಯೋ ಅಷ್ಟು ಹೇಳು, ಒಂದೇ ಆದರೂ ಸರಿ, ನಾನು ಕಣ್ಣು ಮುಚ್ಚಿ ಕೇಳುತ್ತೇನೆ. ವೀರನಾರಾಯಣನ ಕಂಬವನ್ನೂ ತೋರಿಸುತ್ತೇನೆ. ಊಟಕ್ಕೆ ರೊಟ್ಟಿ, ಎಣ್ಣೆಗಾಯಿ. ಮಾಡುವುದು ನಾನೇ, ಈಗ ಅಡುಗೆಮನೆಯಲ್ಲಿ ಇರುವವಳು ನಾನೊಬ್ಬಳೇ.

ಇನ್ನೊಂದು ಕೇಳಬೇಕು ಅಂತ ಐದು ವಾರದಿಂದ ಅಂದುಕೊಳ್ಳುತ್ತಿದ್ದೇನೆ. ಆ ಹೆಂಗಸು ಉಳಿದ ಅರ್ಧ ಶೀಟಿಗೆ ತಿರುಗಿ ಬಂದಳಾ? ಕವಿತೆಗೆ ಅದು ಬೇಡ, ಸೇರಿಸಲು ಹೋಗಬೇಡ. ನನಗೆ ತಿಳಿಯಬೇಕು. ಒಂದು ಕಾರ್ಡಿನಲ್ಲಿ ಬರೆ.

ನಿನ್ನ
ಅಕ್ಕ